ಸ್ಪ್ಯಾಮಿನಲ್ಲಿ ಬಿದ್ದಿದ್ದ ಎಚ್ಚರಿಕೆ

ಅಧ್ಯಕ್ಷತೆ ವಹಿಸಿರುವ ನಮ್ಮ ಮಾಲೀಕರೇ, ಸಂಡೂರು ಗುಡ್ಡದಿಂದ ಇಳಿದು ಬಂದಿರುವ ಗಣಿ ಬಂಧುಗಳೇ, ಸಭಿಕರೇ,

ಕಂಪ್ಲಿಯ ಸ್ಫೂರ್ತಿ ಇಂದಿನಿಂದ ನಮ್ಮ ಮೂರೂ ಕಚೇರಿಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಮ್ಯಾನೇಜರನಾದ ನಾನು ಎರಡು ಮಾತಾಡಬೇಕಂತೆ. ಎರಡರಲ್ಲಿ ಮುಗಿಸುವ ಅಭ್ಯಾಸ ನನಗೆಲ್ಲಿದೆ?

ಎರಡು ವರ್ಷದ ಹಿಂದಿನ ಮಾತು. ಚೀನಾಕ್ಕೆ ಅದಿರು ಹೋಗುತ್ತಿದ್ದ ಭರಾಟೆಯಲ್ಲಿ ನಮ್ಮ ಇ-ಮೇಲಿಗೆ ಬರದ ಕಸವಿರಲಿಲ್ಲ. ನನಗೇ ಒಂಬತ್ತು ಲಾಟರಿ ಹೊಡೆದಿದ್ದವು! ಅದೇ ಮಳೆಗಾಲದಲ್ಲಿ, ನಮ್ಮ ಗಣಿಯ ಇಳಿಜಾರು ಅಳೆಯುವ ಹೊರಗಿನ ಕಚೇರಿಯ ಎಂಜಿನಿಯರ್ ಹಾಲೇಶರ ಹೆಸರಿನಲ್ಲಿ ಒಂದು ಮೇಲ್ ಬಂತು: ಗುಡ್ಡ ಕುಸಿಯುತ್ತದೆ, ಕೆಲಸ ನಿಲ್ಲಿಸಿ. ನಿಲ್ಲಿಸಿದೆ. ಯಾರೋ ಕಿಡಿಗೇಡಿ ಕಳಿಸಿದ ನಕಲಿ ಮೇಲ್ ಅದು. ಮಾಲೀಕರಿಂದ ಬೈಸಿಕೊಂಡೆ. ಸಿಟ್ಟಿಗೆ, ಹಾಲೇಶರ ಹೆಸರಿನ ಮೇಲ್‌ಗಳೆಲ್ಲ ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬೀಳುವಂತೆ ಮಾಡಿಸಿದೆ.

"ಹಂಗ ಮಾಡಬ್ಯಾಡ್ರಿ ಸರ್. ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ಯಾವ ಸರ್ವರಿಂದ, ಅಂದ್ರ ಯಾರ ಕಂಪ್ಯೂಟರಿಂದ ಬಂದೈತಿ ಅಂತ ನೋಡ್ಬೇಕ್ರಿ," ಎಂದರು ಆಗ ನಮ್ಮಲ್ಲಿ ಟೈಪಿಸ್ಟ್ ಆಗಿದ್ದ ಸ್ಫೂರ್ತಿ.

"ನೀ ಟೈಪ್ ಮಾಡವ್ವ, ಸಾಕು," ಎಂದೆ.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅವರು ಓಡಿ ಬಂದರು.

"ಸರ್, ಸ್ಪ್ಯಾಮಿನಾಗ ಹಾಲೇಶ್ ಸರ್ ಮೇಲ್ ಐತ್ರಿ! ಮ್ಯಾಲೆ ಬಿರುಕು ಬಿಟ್ಟೈತಂತ, ಮಂದೀನ ಹೊರಗ ಕರೀಬೇಕಂತ."

"ಮತ್ತ ನಕಲಿ ಅದು, ಬಿಡು."

"ಅಲ್ರಿ, ಇದು ಅವ್ರ ಆಫೀಸಿನ ಸರ್ವರಿಂದನ ಬಂದೈತಿ. ಹೋದ ವಾರದ್ದು ಬ್ಯಾರೆ ಕಡಿಂದ ಬಂದಿತ್ತು."

ನಾನು ಫೋನು ಮುಟ್ಟಲಿಲ್ಲ. ಇನ್ನೊಮ್ಮೆ ಬೈಸಿಕೊಳ್ಳುವ ಭಯ. ಹದಿನಾಲ್ಕು ಜನ ಗಣಿಯ ತಳದಲ್ಲಿದ್ದರು, ನನಗೆ ಬೈಗುಳದ ಭಯ! ಸ್ಫೂರ್ತಿಯೇ ಫೋನೆತ್ತಿ ಹಾಲೇಶರನ್ನು ಹಿಡಿದರು.

"ನಾನ ಕಳ್ಸಿದ್ದವ್ವ! ಬೆಳಿಗ್ಗಿಂದ ನಿಮ್ಮ ಲೈನ್ ಸಿಗವಲ್ದು. ಜಲ್ದಿ ಕರೀರಿ!"

ಗಣಿಗೂ ಅವರೇ ಫೋನು ಮಾಡಿದರು. ಎಲ್ಲರೂ ಮೇಲೆ ಬಂದ ಮುಕ್ಕಾಲು ಗಂಟೆಗೆ ಗುಡ್ಡ ಜಾರಿತು. ಯಂತ್ರವೊಂದು ಹೂತುಹೋಯಿತು; ಮನುಷ್ಯರು ಉಳಿದರು.

ಆಮೇಲೆ ಸ್ಫೂರ್ತಿ ನಮ್ಮೊಡನೆ ವ್ಯವಹರಿಸುವ ಒಂದೊಂದು ಕಚೇರಿಗೂ ಫೋನು ಮಾಡಿದರು. ಅವರ ಮೇಲ್ ಯಾವ ಸರ್ವರಿಂದ ಹೊರಡುತ್ತದೆಂದು ನೋಂದಾಯಿಸಲು ಹೇಳಿದರು. ಗುರುತು ತಾಳೆಯಾದ ಮೇಲ್ ನೇರ ಒಳಗೆ, ಬರೀ ಹೆಸರು ಹೊತ್ತು ಬಂದದ್ದು ಸ್ಪ್ಯಾಮಿಗೆ. ಅಂದಿನಿಂದ ಒಂದು ಎಚ್ಚರಿಕೆಯೂ ತಪ್ಪಿಲ್ಲ. ಎಮ್ಮಿಗನೂರಿನ ಇಬ್ಬರು ಹುಡುಗಿಯರು ಈಗ ಅವರ ಬಳಿ ಈ ಕೆಲಸ ಕಲಿಯುತ್ತಿದ್ದಾರೆ.

ಹದಿನಾಲ್ಕು ಜೀವ ಉಳಿಸಿದ್ದಕ್ಕೆ ಅಂದು ಸನ್ಮಾನವಾಯಿತು. ಯಾರಿಗೆ? ಮ್ಯಾನೇಜರನೇ ಕರೆಸಿದನೆಂದು ತಿಳಿದು, ನನಗೆ. ಬೇಡವೆಂದೆನೇ? ಇಲ್ಲ. ಆ ಹದಿನಾಲ್ಕರಲ್ಲಿ ನನ್ನ ತಮ್ಮ ಜಡೆಪ್ಪನೂ ಇದ್ದ. ಅವನಿಗೂ ನಾನು ನಿಜ ಹೇಳಲಿಲ್ಲ. ಎರಡು ವರ್ಷ ನನ್ನನ್ನು ದೇವರಂತೆ ಕಂಡ.

ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ಜಡೆಪ್ಪ, ಏಳಪ್ಪ. ಮ್ಯಾಲೆ ಬಾ. ನಿನ್ನ ಜೀವ ಉಳಿಸಿದ ಅಕ್ಕಾರಿಗೆ ಈ ಶಾಲು ನೀನ ಹೊದಿಸು.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞತೆ. ಸ್ಫೂರ್ತಿಯವರೇ, ನಿಮಗೆ ನನ್ನ ತಡವಾದ ನಮಸ್ಕಾರ.