ದೊರೆಯ ಕುರ್ಚಿ

...ಅದ್ಕೇ ಅಂತಿವ್ನಿ, ನಾಳೆ ಕೊಳ್ಳೇಗಾಲಕ್ಕೆ ಓಗದು ಬ್ಯಾಡ ಕಣೆ ರತ್ನ. ಛತ್ರದಲ್ಲಿ ಒಂದು ಚಿತ್ರ ಇಟ್ಟವ್ರೆ ಅಂತ ಆಟೋ ಮಾಡ್ಕಂಡು, ಬೀದಿಯೋರ್ನೆಲ್ಲ ತುಂಬ್ಕಂಡು ಓಗ್ಬೇಕಾ? ಬಿಸ್ಲು ಬ್ಯಾರೆ. ದಾರಿಲೆಲ್ಲ ಕಬ್ಬಿನ ಲಾರಿ.

ಯಾಕ್ ನಗ್ತೀಯೆ? ನಗ್ನಿಲ್ವಾ... ಸರಿ, ಬೆಳ್ಳುಳ್ಳಿ ಸುಲಿ.

ನೀನೂ ನಮ್ಮ ಅಗರದ ಊರ್ಗೆಲ್ಲ ಸಾರ್ಕಂಡು ಬಂದ್ಬುಟ್ಟೆ, 'ನಮ್ಮನೆಯೋರು ದೊರೆ ಆಗವ್ರೆ' ಅಂತ. ಮಗಳೂ ಕಾಲೇಜ್ನಲ್ಲಿ ಅಂದ್ಕಂಡು ಬಂದವ್ಳೆ. ಸುಮ್ನಿರ್ಬೋದಾಗಿತ್ತು... ಓಗ್ಲಿ, ನಿಂದೇನ್ ತಪ್ಪಿಲ್ಲ ಬುಡು. ಚಿತ್ರ ಬರೆಯೋ ದೀಪಮ್ಮೋರು ಮೈಸೂರಿಂದ ಬಂದು ಅಂಗೇ ಅಂದಿದ್ದು ದಿಟವೇ. ಬಿಳಿಯೋರ ಕಾಲದ ಚಿತ್ರ ಒಂದ್ನ ಫೋನ್ನಲ್ಲಿ ತೋರುಸುದ್ರು. ದೊರೆ ಕುರ್ಚಿ ಮ್ಯಾಲೆ ಕಾಲ್ ಮ್ಯಾಲೆ ಕಾಲ್ ಆಕ್ಕಂಡು ಕುಂತವ್ನೆ, ಸುತ್ತ ನಮ್ಮೋರು. ಒಬ್ಬ ಕೊಡೆ ಇಡ್ಕಂಡವ್ನೆ, ಒಬ್ಬ ಬಗ್ಗಿ ನೆಲ ನೋಡ್ತಾವ್ನೆ. 'ಈ ಚಿತ್ರಾನ ತಿರ್ಗ ಬರೀತೀನಿ, ಈ ಸಲ ದೊರೆ ಜಾಗದಲ್ಲಿ ನೀವು, ಶಿವರಾಜು ಅವ್ರೇ' ಅಂದ್ರು. ನಂಗೆ 'ಅವ್ರೇ' ಅಂದೋರೇ ಇಲ್ವಲ್ಲ... ಒಪ್ಕಬುಟ್ಟೆ.

ಆಮೇಲೆ ಏನಾಯ್ತು ಅಂದ್ರೆ... ನನ್ ಮಕ ಅವ್ರಿಗೆ ಇಡಿಸ್ನಿಲ್ಲ. ಬೆಳಕು ಕೂರಕಿಲ್ವಂತೆ. ಬ್ಯಾರೆ ಯಾರ್ನೋ ಕೂರುಸುದ್ರು. ಅಷ್ಟೇಯ. ನಂಗೂ ಸಾಕಾಗದೆ ರತ್ನ. ದಿನವೆಲ್ಲ ಶಿವಮಲ್ಲಪ್ಪೋರ ತ್ವಾಟದಲ್ಲಿ ತೆಂಗಿನ್ ಕಾಯಿ ಕೆಡವಿ, ಸುಲ್ದು, ಮೂಟೆ ಒತ್ತಾಕಿ... ಚಿತ್ರ ಯಾರಿಗ್ ಬೇಕು?

ಅದೇನ್ ಅಂಗ್ ನೋಡ್ತೀಯೆ? ಸುಳ್ಳಲ್ಲ ಕಣೆ. ಬೇಕಾದ್ರೆ ದೀಪಮ್ಮೋರ್ಗೆ ಫೋನ್ ಮಾಡಿ ಕೇಳು. ಬ್ಯಾಡ, ಬ್ಯಾಡ ಬುಡು... ಪಾಪ, ಅವ್ರಿಗೆ ಬಿಡುವಿರಕಿಲ್ಲ.

ಸಿಪ್ಪೆನೂ ಬೆಳ್ಳುಳ್ಳಿ ಜೊತೆಗೇ ಆಕ್ತಾ ಇದ್ದೀಯಲ್ಲ ನೀನು. ಮೈ ಸರಿ ಇಲ್ವಾ?

ಅಲ್ಲ ಕಣೆ... ಬ್ಯಾರೆ ಯಾರ್ನೋ ಕೂರುಸುದ್ರು ಅಂದೆ. ಯಾರ್ನ ಅಂತ ಕೇಳ್ನೇ ಇಲ್ವಲ್ಲ ನೀನು? ಯಾರ್ ಮನೆ ಹಸ ಕರ ಆಕ್ತು ಅಂತ ಕೇಳ್ದೆ ಬುಡೋಳಲ್ಲ. ಇದ್ನ ಕೇಳ್ನಿಲ್ಲ.

ರತ್ನ.

ಓಗ್ಬಂದ್ಯಾ?

ಇವತ್ತೇ ಓಗ್ಬಂದುಬುಟ್ಯಾ... ಅಂಗಾರೆ ಚಿತ್ರಾನ ನೋಡ್ಬುಟ್ಟೆ ನೀನು.

ಕುಂತಿದ್ದೆ ಕಣೆ. ದಿಟವಾಗ್ಲೂ ಕುಂತಿದ್ದೆ, ಕಾಲ್ ಮ್ಯಾಲೆ ಕಾಲ್ ಆಕ್ಕಂಡೇ. ತ್ವಾಟದ ಬದಿಲೇ ಕುರ್ಚಿ ಆಕಿದ್ರಲ್ಲ, ಶಿವಮಲ್ಲಪ್ಪೋರು ಬಂದ್ರು. ಏನೂ ಅನ್ನಿಲ್ಲ ಅವ್ರು, ಸುಮ್ನೆ ಏನ್ ನಡೀತಾ ಅದೆ ಅಂತ ನೋಡಕೆ ಬಂದ್ರು. ನನ್ ಮೈ ತಾನೇ ಎದ್ಬುಡ್ತು. ಎದ್ದು, ಎಗಲ್ ಮ್ಯಾಲಿನ ಟವಲ್ ತಗದು, ಬಗ್ಗಿ ಕುರ್ಚಿ ಒರುಸ್ದೆ. 'ಕುಂತ್ಕಳಿ ಬುದ್ದಿ' ಅಂದೆ. ಅವ್ರೇ ನಾಚ್ಕಂಡು, 'ನೀನೇ ಕುಂತ್ಕಳೋ ಶಿವರಾಜು' ಅಂದ್ರು. ನನಗಿಂತ ಚಿಕ್ಕೋರು. ಅಷ್ಟಂದ್ರೂ ಕೂರಕಾಗ್ನಿಲ್ಲ. ಅವ್ರು ಓದ್ಮೇಲೂ ಕೂರಕಾಗ್ನಿಲ್ಲ ಕಣೆ. ದೀಪಮ್ಮೋರು ಎಷ್ಟು ಕೇಳ್ಕಂಡ್ರು... ಟವಲ್ ಇಡ್ಕಂಡು ನಿಂತೇ ಇದ್ದೆ.

ನನ್ನ ಯಾರೂ ಎಬ್ಬುಸ್ನಿಲ್ಲ. ಅದೇ ನಂಗೆ ತಡ್ಕಳಕಾಗ್ದಿರೋದು. ಎಬ್ಬುಸಿದ್ರೆ ಅವ್ರನ್ನಾರ ಬೋಯ್ಬೋದಾಗಿತ್ತು.

ಕೊನೆಗೆ ದೀಪಮ್ಮೋರು ಕೇಳುದ್ರು, 'ಕುರ್ಚಿ ಖಾಲಿ ಬುಟ್ಟು, ನೀವು ಒರುಸ್ತಿದ್ದಂಗೇ ಬರೀಲಾ? ಬ್ಯಾಡ ಅಂದ್ರೆ ಬರಿಯಲ್ಲ' ಅಂತ. ಬ್ಯಾಡ ಅನ್ಬೇಕು ಅಂತ್ಲೇ ಬಾಯಿ ತಗದೆ. 'ಆಯ್ತು ಬುದ್ದಿ' ಅಂತ ಬಂತು.

ಅಳ್ಬ್ಯಾಡ ಕಣೆ. ನೀನೊಬ್ಳೇ ತಾನೇ ಓಗಿದ್ದು?

...ಮಗಳೂ ಬಂದಿದ್ಲಾ?

ಜೊತೆಗೆ ಓದೋ ಉಡ್ಗೀರೂ ಇದ್ರಾ? ಕುರ್ಚಿ ಒರುಸ್ತಿರೋದು ಯಾರು ಅಂತ ಅವ್ರು ಕೇಳ್ದಾಗ ಏನಂದ್ಲು? 'ನಮ್ಮಪ್ಪ' ಅಂದ್ಲಾ?

ಬೆಳ್ಳುಳ್ಳಿ ಆಮೇಲೆ ಸುಲಿ. ತಲೆ ಎತ್ತು ರತ್ನ.

ಅಂದ್ಲಾ, ಇಲ್ವಾ?