ತಡವಾಗಿ ಬೀಳುವ ಪೆಟ್ಟು

ಮೂಳೆ ಡಾಕ್ಟರ ಬಾಗಿಲಲ್ಲಿ ಕೂತಿದ್ದ ಟೈಲರಮ್ಮನಿಗೆ ಪಕ್ಕದ ಗಂಡಹೆಂಡತಿಯ ಮಾತೆಲ್ಲ ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಳ್ಳೋಣವೆಂದರೆ ಅವಳ ನೋಯುವ ಕೈ ಮೇಲೇಳುತ್ತಿರಲಿಲ್ಲ. ಗಂಡ ಹಿಪ್‌ಹಾಪ್ ಹಾಡುಗಳಿಗೆ ತಾಳದ ಬೀಟ್ ಕಟ್ಟುವವನಂತೆ; ಅವನ ಹೆಬ್ಬೆರಳಿಗೆ ಬ್ಯಾಂಡೇಜಿತ್ತು.

“ಕುರ್ಚಿ ಕುಟ್ಟೋದು ನಿಲ್ಸಿ. ಅದಕ್ಕೇ ಬೆರಳು ಹೀಗಾಗಿದ್ದು,” ಎಂದಳು ಹೆಂಡತಿ.

“ಇಪ್ಪತ್ತು ವರ್ಷದ ಚಟ ಕಣೇ. ಡ್ರಮ್ಮು, ಬೇಸು, ರೆಕಾರ್ಡಿಂಗು ಎಲ್ಲಾ ಆ ಒಂದೇ ಕೀಬೋರ್ಡಿಂದು. ಬೆರಳು ಮಾತ್ರ ನಂದು.”

“ಹಾಡೋರು ಏನಂದ್ರು?”

“ಪೆಟ್ಟು ತೀರಾ ತಡವಾಗಿ ಬೀಳ್ತಿದೆ ಅಂದ್ರು.”

“ನಿಮ್ಮದು ಮೊದ್ಲಿಂದಲೂ ಒಂಚೂರು ತಡಾನೇ ಅಲ್ವಾ? ಅದಕ್ಕೇ ತಾನೇ ಎಲ್ಲರೂ ಹುಡುಕ್ಕೊಂಡು ಬರ್ತಿದ್ದಿದ್ದು?”

“ಒಂಚೂರು ಬೇರೆ, ಇದು ಬೇರೆ. ನಿನ್ನೆ ಸಾಕಾಗಿ, ತಾಳ ಸರಿಮಾಡೋ ಬಟನ್ ಒತ್ತಿಬಿಟ್ಟೆ. ಎಲ್ಲಾ ಪೆಟ್ಟೂ ಗೆರೆ ಎಳೆದ ಹಾಗೆ ಕೂತ್ಕೊಳ್ತು. ಕೇಳಿಸ್ತಾ ನಿಂಗೆ?”

“ಅಡುಗೆಮನೆಗೆ ಕೇಳಿಸ್ತು. ಯಾರೋ ಬೇರೆಯವ್ರು ಬಂದು ಬಾರಿಸ್ತಿದಾರೆ ಅಂದ್ಕೊಂಡು ಒಂದು ಲೋಟ ಟೀ ಜಾಸ್ತಿ ಇಟ್ಟೆ.”

ಕುರ್ಚಿ ಕುಟ್ಟುವ ಸದ್ದು ನಿಂತಿತು. ಒಳಗಿನಿಂದ ನಂಬರು ಕೂಗಿದರು. ಹೆಂಡತಿ ಚೀಟಿ ಹಿಡಿದು ಎದ್ದಳು.

“ಆ ಟೀ ಏನಾಯ್ತು?” ಹಿಂದೆಯೇ ಹೋಗುತ್ತ ಅವನು ಕೇಳಿದ.

“ಆರಿಹೋಯ್ತು. ಬಂದೋರು ಯಾರೂ ಇರ್ಲಿಲ್ವಲ್ಲ.”