ಏಳನೇ ಲೈನಿನಲ್ಲಿ ಬಂದ ಉತ್ತರ

ಇದು ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು. ಅವಳು ಸುಳ್ಳು ಹೇಳುವವಳಲ್ಲ, ನಾನು ಕೇಳಿದ್ದಕ್ಕೆ ಉಪ್ಪುಖಾರ ಹಚ್ಚುವವಳಲ್ಲ. ದೀಪ ಸಣ್ಣದು ಮಾಡಿ. ನಡುವೆ ಯಾರೂ ಬಾಯಿ ಹಾಕಬೇಡಿ.

ತಂಗಿ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಆ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ, ಕಚೇರಿಯ ಹಿಂದಿನ ದೊಡ್ಡ ಬಾವಿಯ ಪಕ್ಕದಿಂದ ಮನೆಗೆ ಹೊರಟಿದ್ದಳು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಾವಿಯೊಳಗಿಂದ ತೊಟ್... ತೊಟ್... ಎಂದು ನೀರು ಬೀಳುವ ಸದ್ದು.

ಕಟ್ಟೆಯ ಮೇಲೆ ಟಾರ್ಚಿನ ಬೆಳಕು. ಅವಳ ಗಂಡ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಅವನು ಅದೇ ಕಚೇರಿಯ ಫಿಟ್ಟರ್.

“ಏನ್ರೀ ಇದು, ಈ ಹೊತ್ತಲ್ಲಿ?” ಎಂದಳು, ಮೆಲ್ಲಗೆ. ಆ ಬಾವಿಯ ಹತ್ತಿರ ಜೋರಾಗಿ ಮಾತಾಡಿದರೆ ಮಾತು ತಿರುಗಿ ಬರುತ್ತದೆ. ಹಾಗಾಗಿ ಅಲ್ಲಿ ಎಲ್ಲರೂ ಪಿಸುಗುಡುವವರೇ.

“ಮೋಟಾರಿನ ಬಾಯಿಗೆ ಕಸ ಕಟ್ಟಿದೆ. ಬೆಳಗ್ಗೆ ಊರಿಗೆ ನೀರು ಹೋಗಬೇಕಲ್ಲ? ಕಂಪ್ಯೂಟರಿನ ರಾತ್ರಿ ಪಾಳಿಯವನು ಜ್ವರ ಅಂತ ಮನೆಗೆ ಹೋದ. ನಿನ್ನನ್ನೇ ಕರೆಯೋಣ ಅಂತಿದ್ದೆ. ಟ್ಯಾಂಕಿನ ಮನೆಗೆ ಒಂದು ಮಾತು ಕಳಿಸಿಬಿಡು.”

ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಕಚೇರಿಯ ಮುದುಕ ಆಳು ಕಿಸಕ್ಕನೆ ನಕ್ಕ. “ಬೇಗ ಕಳಿಸಮ್ಮ. ಯಜಮಾನ್ರ ಹೊಟ್ಟೆ ದಿನಾ ಒಂದು ಸುತ್ತು ಬರ್ತಿದೆ. ನನ್ನ ಕೈ ಸೋಲುತ್ತೆ.”

ಮೋಟಾರು ಇದ್ದದ್ದು ಬಾವಿಯೊಳಗೆ. ಅದರ ಸ್ವಿಚ್ಚು ಒಂದು ಮೈಲಿ ಆಚೆ, ಟ್ಯಾಂಕಿನ ಮನೆಯಲ್ಲಿ; ಅದರ ಕರೆಂಟಿನ ತಂತಿಯೇ ಬೇರೆ. ಟ್ಯಾಂಕಿನಲ್ಲಿ ನೀರು ಕಡಿಮೆಯಾದ ಕೂಡಲೇ ಅಲ್ಲಿಯವನು ಸ್ವಿಚ್ ಒತ್ತುತ್ತಾನೆ. ಆಗ ಇವನ ಕೈ ಮೋಟಾರಿನ ಬಾಯಲ್ಲಿದ್ದರೆ... ಹೇಳುವುದು ಬೇಡ. ಟ್ಯಾಂಕಿನ ಮನೆಗೆ ಫೋನಿಲ್ಲ. ಇದ್ದದ್ದು ಕಂಪ್ಯೂಟರಿನಿಂದ ಅಲ್ಲಿಯ ಟರ್ಮಿನಲ್‌ಗೆ, ಅಂದರೆ ಒಂದು ತೆರೆ, ಒಂದು ಕೀಲಿಮಣೆಗೆ, ಹೋಗುವ ಕೇಬಲ್ಲು, ಏಳನೇ ಲೈನು.

“ಕಿಟಕಿಯ ದೀಪ ಹಾಕ್ತೀನಿ. ಆಮೇಲೆ ಇಳೀರಿ. ಅದಕ್ಕೆ ಮುಂಚೆ ಬೇಡ,” ಎಂದು ತಂಗಿ ಕಚೇರಿಗೆ ಹಿಂತಿರುಗಿದಳು.

ಆ ದಿನ ಸಂಜೆಯೆಲ್ಲ ಅವಳು ಒದ್ದಾಡಿದ್ದು ಅದೇ ಲೈನಿನೊಂದಿಗೆ. ಟ್ಯಾಂಕಿನ ಮನೆಗೆ ಹೊಸ ಟರ್ಮಿನಲ್ ಬಂದಿತ್ತು. ಅಕ್ಷರಗಳು ಓಡುವ ವೇಗವನ್ನು ಎರಡು ಕಡೆಯೂ ಒಂದೇ ಇಡಬೇಕು. ಇಲ್ಲದಿದ್ದರೆ ತೆರೆಯ ತುಂಬ ಅರ್ಥವಿಲ್ಲದ ಗೀಚು. ಇನ್ನೊಂದು ಸೆಟ್ಟಿಂಗ್ ಎಕೋ. ಅದು ಹಾಕಿದ್ದರೆ ನೀವು ಒತ್ತಿದ ಅಕ್ಷರ ಆ ಕಡೆ ಹೋಗಲಿ ಬಿಡಲಿ, ನಿಮ್ಮ ತೆರೆಯಲ್ಲಿ ಮೂಡುತ್ತದೆ. ಅದನ್ನು ಈ ಕಡೆ ಯಾವಾಗಲೂ ಆರಿಸಿಯೇ ಇಡುವುದು ಅಲ್ಲಿಯ ಪದ್ಧತಿ. ಆಗ ನೀವು ಒತ್ತಿದ ಅಕ್ಷರ ಆ ತುದಿ ಮುಟ್ಟಿ ಮರಳಿ ಬಂದರೆ ಮಾತ್ರ ತೆರೆಯಲ್ಲಿ ಕಾಣುತ್ತದೆ. ಕಂಡರೆ ಮುಟ್ಟಿತು ಎಂದೇ ಅರ್ಥ.

ಮುಂಚೆ ಟ್ಯಾಂಕಿನ ಮನೆಯಲ್ಲಿ ಒಬ್ಬ ಮುದುಕ ಇದ್ದ. ಎಲ್ಲರೂ ಅವನನ್ನು ಆಮೆ ಮಾಮ ಎನ್ನುತ್ತಿದ್ದರು. ಅಕ್ಷರ ಮರಳಿದರೆ ಸಾಕು ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಪ್ರತಿ ಆದೇಶಕ್ಕೂ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ‘ಬಂತು’ ಎಂದು ಒತ್ತುತ್ತಿದ್ದ. “ಮಾಮ, ನೀವು ಒತ್ತಿ ಮುಗಿಸೋದ್ರೊಳಗೆ ಟ್ಯಾಂಕೇ ಖಾಲಿ,” ಎಂದು ತಂಗಿಯೇ ಎಷ್ಟೋ ಸಲ ಛೇಡಿಸಿದ್ದಳು. ಹಿಂದಿನ ತಿಂಗಳು ಅವನು ತೀರಿಕೊಂಡ. ಹೊಸಬನಿಗೆ ಆ ಅಭ್ಯಾಸವಿರಲಿಲ್ಲ.

ತಂಗಿ ದೀಪ ಹಾಕದೆ ಕುಳಿತಳು. ಫ್ಯಾನು ಕಿರ್... ಕಿರ್... ಎನ್ನುತ್ತಿತ್ತು. ‘ಮೋಟಾರು ಹಾಕಬೇಡ, ಬಾವಿಯಲ್ಲಿ ಜನ’ ಎಂದು ಒತ್ತಿದಳು. ಅಕ್ಷರಗಳು ಒಂದೂ ಕೆಡದೆ ತೆರೆಯ ಮೇಲೆ ಮೂಡಿದವು. ನಿಟ್ಟುಸಿರು ಬಿಟ್ಟು ಎದ್ದಳು. ಕಿಟಕಿಯ ಹತ್ತಿರ ಹೋದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು...

ಪಿಂಕ್.

ಟರ್ಮಿನಲ್ಲಿನ ಗಂಟೆ. ತಿರುಗಿ ನೋಡಿದಳು. ತೆರೆಯ ಮೇಲೆ ಒಂದು ಅಕ್ಷರ ಬಂತು. ಬಹಳ ಹೊತ್ತು ಬಿಟ್ಟು... ಇನ್ನೊಂದು. ಹುಡುಕಿ ಹುಡುಕಿ ಒತ್ತಿದ ಹಾಗೆ... ಮತ್ತೊಂದು.

‘ಬಂದಿಲ್ಲ’.

“ಯಾರು?” ಎಂದಳು ಬಾಯಿಬಿಟ್ಟು.

ಲೈನಿನ ಸೆಟ್ಟಿಂಗ್ ತೆರೆದಳು. ಎಕೋ ಹಾಕಿಯೇ ಇತ್ತು. ಸಂಜೆ ಕೀಲಿಮಣೆ ಪರೀಕ್ಷಿಸಲು ಅವಳೇ ಹಾಕಿದ್ದು, ಆರಿಸಲು ಮರೆತಿದ್ದಳು. ಎಂಟರ ಸುಮಾರಿಗೆ ವೇಗ ಬದಲಿಸಿದಾಗ ಗೀಚು ಹೋಗಿ ಅಕ್ಷರ ಚೊಕ್ಕವಾಯಿತೆಂದು ಹಿಗ್ಗಿದ್ದಳಲ್ಲ, ಅದು ಅವಳದೇ ಅಕ್ಷರ, ಅವಳಿಗೇ ಕಾಣುತ್ತಿದ್ದದ್ದು. ಲೈನು ನಿಜವಾಗಿ ಸರಿಯಾಗಿದ್ದರೆ ಪ್ರತಿ ಅಕ್ಷರವೂ ಎರಡೆರಡು ಸಲ ಬರಬೇಕಿತ್ತು, ಇಲ್ಲಿಯದೊಂದು, ಅಲ್ಲಿಂದ ಮರಳಿದ್ದೊಂದು. ಅದು ಅವಳಿಗೆ ಹೊಳೆಯಲೇ ಇಲ್ಲ.

ಎಕೋ ಆರಿಸಿ ಮತ್ತೆ ಒತ್ತಿದಳು. ತೆರೆ ಖಾಲಿ. ಒಂದು ಚುಕ್ಕೆಯೂ ಮರಳಲಿಲ್ಲ.

ಕಿಟಕಿಯಿಂದ ಕೂಗಿದಳು. “ರೀ! ಇಳೀಬೇಡಿ! ಮೇಲೆ ಬನ್ರೀ!”

ಬನ್ರೀ... ಬನ್ರೀ... ಎಂದಿತು ಬಾವಿ. ಅದು ಅಡಗುವ ಮೊದಲೇ ಒಳಗಿಂದ ಟಕ್ ಎಂದಿತು. ಆಮೇಲೆ ಗುಂಯ್... ಮೋಟಾರು ಶುರುವಾಗಿತ್ತು.

ಗಂಡ ಒಂದು ಕಾಲನ್ನು ಕಟ್ಟೆಯಾಚೆ ಇಳಿಬಿಟ್ಟು ದೀಪಕ್ಕಾಗಿ ಕಾಯುತ್ತ ಕುಳಿತಿದ್ದ. ಹಗ್ಗದ ಮುದುಕ ಅವನನ್ನು ಹಿಂದಕ್ಕೆ ಎಳೆದು ನೆಲಕ್ಕೆ ಕೆಡವಿದ. ಆ ರಾತ್ರಿ ಮೂವರಲ್ಲಿ ಯಾರೂ ನಗಲಿಲ್ಲ.

ಬೆಳಗ್ಗೆ ತಂಗಿ ಟ್ಯಾಂಕಿನ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

“ನಾನು ಒಂದಕ್ಷರವೂ ಒತ್ತಿಲ್ಲ ಅಕ್ಕ,” ಎಂದ ಹೊಸಬ. “ಎಂಟು ಗಂಟೆಯಿಂದ ತೆರೆ ಸತ್ತುಹೋಗಿದೆ. ನೀವೇ ಆರಿಸಿದ್ದೀರೇನೋ ಅಂದ್ಕೊಂಡೆ.”

ಕೇಬಲ್ಲಿನ ಜಾಡು ಹಿಡಿದು ನಡೆದೆವು. ರಸ್ತೆಯ ತಿರುವಿನಲ್ಲಿ ಹೊಸದಾಗಿ ತೋಡಿದ ಗುಂಡಿ. ಹಿಂದಿನ ರಾತ್ರಿ ಎಂಟಕ್ಕೆ ತೋಡಿದ್ದಂತೆ. ಕೇಬಲ್ಲು ಕತ್ತರಿಸಿಹೋಗಿ ಎರಡು ತುಂಡಾಗಿ ಮಣ್ಣಿನಲ್ಲಿ ಬಿದ್ದಿತ್ತು.

ನಂಬದವರು ನಂಬಬೇಡಿ, ನನಗೇನೂ ಬೇಸರವಿಲ್ಲ. ನಾನು ಗುಂಡಿಗೆ ಬಗ್ಗಿ ನನ್ನ ಕೈಯಲ್ಲೇ ಅಳೆದಿದ್ದೇನೆ. ಎರಡು ತುದಿಗಳ ನಡುವೆ ಒಂದು ಗೇಣು, ಮೇಲೆ ಎರಡು ಬೆರಳು.